ಮೀನಿಲ್ಲದ ತೊಟ್ಟಿಯ ದ್ವಾರಕಾನಾಥರು

ಪೀಣ್ಯದ ಕಾರ್ಖಾನೆಯೊಂದರಲ್ಲಿ ಇನ್‌ಸ್ಪೆಕ್ಟರಾಗಿರುವ ದ್ವಾರಕಾನಾಥರ ದಾಸರಹಳ್ಳಿಯ ಮನೆಗೆ ಹೋದವರಿಗೆ ಕಾಫಿಗಿಂತ ಮೊದಲು ಗಾಜಿನ ತೊಟ್ಟಿಯ ದರ್ಶನವಾಗಬೇಕು. ಮದರಾಸಿನ ಲಾರಿಯವರು ಕ್ಯಾನಿನಲ್ಲಿ ತಂದುಕೊಟ್ಟ ಸಮುದ್ರದ ನೀರು, ಮರಳು, ಕಲ್ಲು ಎಲ್ಲವೂ ಅದರಲ್ಲಿದೆ. ಮೀನು ಮಾತ್ರ ಇಲ್ಲ. "ಮೀನೆಲ್ಲಿ ಸಾರ್?" ಎಂದವನು ಕೆಟ್ಟಂತೆಯೇ. "ಮೀನು ಯಾರು ಬೇಕಾದ್ರೂ ಸಾಕ್ತಾರೆ ಕಣ್ರೀ, ನಾನು ಬ್ಯಾಕ್ಟೀರಿಯಾ ಸಾಕ್ತಿದೀನಿ!" ಎಂದು ಶುರುಮಾಡಿ, ನೀರಲ್ಲಿ ಕೊಳೆತದ್ದು ಮೀನನ್ನು ಕೊಲ್ಲುವ ಅಮೋನಿಯಾ ಎಂಬ ವಿಷವಾಗುವುದನ್ನೂ, ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಎಂಬ ಇನ್ನೊಂದು ವಿಷ ಮಾಡುವುದನ್ನೂ, ಮತ್ತೊಂದು ಜಾತಿ ಅದನ್ನು ಸಾಧುವಾದ ನೈಟ್ರೇಟ್ ಮಾಡುವುದನ್ನೂ ಕಾಫಿ ಆರಿಹೋಗುವವರೆಗೆ ವಿವರಿಸುತ್ತಾರೆ. ಆ ಜೀವಿಗಳ ಆಹಾರಕ್ಕೆಂದು, ಈರುಳ್ಳಿಯೂ ಕಾಲಿಡದ ಮನೆಯೊಳಗೆ ಟಿಫಿನ್ ಡಬ್ಬಿಯಲ್ಲಿ ಸೀಗಡಿಯ ಚೂರು ತಂದ ಧೀರರು ಅವರು. ಹೆಂಡತಿ ಸೀತಾಲಕ್ಷ್ಮಿ ಆ ಡಬ್ಬಿಯನ್ನು ಇವತ್ತಿಗೂ ಅಡಿಗೆಮನೆಗೆ ಸೇರಿಸಿಲ್ಲ. ಬಸ್ಸು ಸ್ವಲ್ಪ ತಡವಾದರೆ ಕಂಡಕ್ಟರನ ಮೇಲೆ ಹಾರಾಡುವವರು ತೊಟ್ಟಿಯ ಮುಂದೆ ಮಾತ್ರ, "ಅವಸರ ಮಾಡ್ಬಾರ್ದು, ಇದು ಹೆಪ್ಪು ಹಾಕಿದ ಹಾಲಿದ್ದ ಹಾಗೆ" ಎನ್ನುತ್ತಾರೆ. ಮೊನ್ನೆ ನಾನು ಹೋಗಿದ್ದಾಗಲೂ ನೀರು ಪರೀಕ್ಷಿಸಿ, "ಇನ್ನೊಂದು ವಾರ ನೋಡೋಣ" ಎಂದು ಒಳಗೆ ಹೋದರು. ಸೀತಾಲಕ್ಷ್ಮಿ ನನ್ನತ್ತ ಬಾಗಿ ಪಿಸುಗುಟ್ಟಿದರು: "ನೀರು ಯುಗಾದಿಗೇ ಸರಿಹೋಗಿದೆ. ಇವರಿಗೇ ಮೀನು ಬಿಡೋಕೆ ಭಯ. ಹೋದ ವರ್ಷ ಈ ಬ್ಯಾಕ್ಟೀರಿಯಾ ಗಿಕ್ಟೀರಿಯಾ ಏನೂ ಬೆಳೆಸದೆ ಹಸಿ ನೀರಿಗೇ ಒಂದು ಮೀನು ಬಿಟ್ಟಿದ್ರು. ಅದು ಸತ್ತ ದಿನ, ಮನೇಲಿ ಸಾವಾದ ಹಾಗೆ ತಲೆಗೆ ನೀರು ಹಾಕ್ಕೊಂಡು, ಊಟ ಬಿಟ್ಟು ಕೂತಿದ್ರು."