ರೊಟ್ಟಿ ಕಟ್ಟೆ

ನಮ್ಮ ಮನೆಯ ಒಲೆಗೆ ಬೆಂಕಿಯಿಲ್ಲ. ಕಪ್ಪು ಗಾಜಿನ ಹಾಳೆಯೊಂದಿದೆ. ಬೆರಳಿಟ್ಟರೆ ಕುಂಯ್ ಅನ್ನುತ್ತದೆ, ತಳ ಸಪಾಟಾಗಿರುವ ಪಾತ್ರೆಯಿಟ್ಟರೆ ಬಿಸಿಯಾಗುತ್ತದೆ, ತಳ ಒಂಚೂರು ಡೊಂಕಾದರೂ ಮುನಿಸಿಕೊಂಡು ಆರಿಹೋಗುತ್ತದೆ. ನೆದರ್ಲೆಂಡ್ಸ್‌ನಲ್ಲಿ, ವಿಮಾನ ನಿಲ್ದಾಣದ ಮಗ್ಗುಲಿಗಿರುವ ಬಾಡ್‌ಹೂವೆಡಾರ್ಪ್‌ನ ಈ ಮನೆ ಕೊಳ್ಳುವಾಗ ಏಜೆಂಟ್ ಇದನ್ನೇ ದೊಡ್ಡ ಹೆಚ್ಚುಗಾರಿಕೆ ಎಂಬಂತೆ ತೋರಿಸಿದ. ನನ್ನ ಗಂಡ ಮೈಸೂರಿನವನು, ಅನ್ನ ಸಾರು ಇದ್ದರೆ ಜಗತ್ತು ಸರಿಯಾಗಿದೆ ಎಂದು ನಂಬಿದವನು. ಸಂತೋಷದಿಂದ ತಲೆಯಾಡಿಸಿದ. ನಾನು ವಿಜಾಪುರದವಳು. ನನಗೆ ಬಾಡಿಗೆ ಮನೆಯ ಮಂಚದ ಕೆಳಗಿದ್ದ ಹಂಚು ನೆನಪಾಯಿತು.

ಆ ಹಂಚು ಅವ್ವನದು. ಐದು ವರ್ಷದ ಹಿಂದೆ ಅವ್ವ ಹೋದಾಗ, ಅಕ್ಕ ಸೀರೆಗಳ ಗಂಟು ಮುಂದಿಟ್ಟು "ನಿನಗೇನು ಬೇಕೋ ತೊಗೊ" ಅಂದಳು. ನಾನು ಹಂಚು ತೆಗೆದುಕೊಂಡೆ. ನಡುವೆ ತಗ್ಗಾದ, ಸುತ್ತ ಕರಿ ಹಿಡಿದ ಕಬ್ಬಿಣದ ಹಂಚು. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ನನ್ನ ಕೈಚೀಲ ಮೂರು ಸಲ ಯಂತ್ರದೊಳಗೆ ಹೋಗಿ ಬಂತು. ತಪಾಸಣೆಯಾಕೆ ಅದನ್ನು ಎರಡೂ ಕೈಯಲ್ಲಿ ಎತ್ತಿ, "ಏನ್ ಮೇಡಂ ಇದು?" ಅಂದಳು. "ರೊಟ್ಟಿ ಹಂಚು" ಅಂದೆ. ಅವಳು ನನ್ನ ಮುಖ ನೋಡಿ ಮತ್ತೆ ಚೀಲದೊಳಗಿಟ್ಟಳು. ಪ್ರಾಯಶಃ ಅವಳೂ ನಮ್ಮ ಕಡೆಯವಳೇ.

ತಂದದ್ದೇನೋ ತಂದೆ. ಆದರೆ ಐದು ವರ್ಷ ಅದರ ಮೇಲೊಂದು ರೊಟ್ಟಿ ಬೇಯಲಿಲ್ಲ. ಕೇಳಿದವರಿಗೆಲ್ಲ ಒಲೆಯ ಮೇಲೆ ತಪ್ಪು ಹಾಕುತ್ತಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಿತ್ತು. ಹುಡುಗಿಯಾಗಿದ್ದಾಗ ನಾಲ್ಕು ವರ್ಷ ಅವ್ವನ ಪಕ್ಕದಲ್ಲಿ ಕೂತು ರೊಟ್ಟಿ ಬಡಿದಿದ್ದೆ, ಮುಖ ಗಂಟಿಕ್ಕಿಕೊಂಡು. ಆಮೇಲೆ ಇಂಜಿನಿಯರಿಂಗ್ ಅಂತ ಹೋದವಳು ಮತ್ತೆ ಆ ಮಣೆಯ ಮುಂದೆ ಕೂರಲಿಲ್ಲ. ಅಕ್ಕನ ಬೆರಳ ಗಂಟುಗಳು ಊದಿಕೊಂಡು ಅವಳೂ ಈಗ ರೊಟ್ಟಿ ಮಾಡಿ ಮಾರುವ ಕೇಂದ್ರದಿಂದ ತರಿಸುತ್ತಾಳೆ. ಅಂದರೆ ಅವ್ವನ ಕೈ ಎಲ್ಲಾದರೂ ಉಳಿದಿದ್ದರೆ ಅದು ನನ್ನ ಕೈಯಲ್ಲಿ ಮಾತ್ರ. ಬಡಿದು ನೋಡಿ, ಅಲ್ಲಿಯೂ ಇಲ್ಲ ಅಂತ ಗೊತ್ತಾದರೆ? ಮಂಚದ ಕೆಳಗಿರುವವರೆಗೆ ಹಂಚು ಏನನ್ನೂ ಹೇಳುವುದಿಲ್ಲ.

ಹೋದ ಬೇಸಿಗೆಯಲ್ಲಿ ಅಕ್ಕ ಫೋನಿನಲ್ಲಿ ಚುಚ್ಚಿದಳು. "ಇಲ್ಲೇ ಯಾರೂ ಬಡಿಯೂದಿಲ್ಲ, ನೀ ಅಲ್ಲಿ ಏನ್ ಬಡೀತಿ? ಹಂಚು ವಾಪಸ್ ಕಳಸು, ನಾ ಗೋಡೆಗೆ ತೂಗ ಹಾಕ್ತೀನಿ."

ಗೋಡೆಗೆ! ನನಗೆ ಸಿಟ್ಟು ನೆತ್ತಿಗೇರಿತು. "ಈ ಸಲ ಎಳ್ಳ ಅಮಾಸಿಗೆ ಬಡದು ತೋರಸ್ತೀನಿ, ನೋಡು" ಅಂದುಬಿಟ್ಟೆ. ಎಳ್ಳಮಾವಾಸ್ಯೆ ನಮ್ಮಲ್ಲಿ ಹೊಲದ ಹಬ್ಬ. ಎಳ್ಳು ಹಚ್ಚಿದ ರೊಟ್ಟಿ ಕಟ್ಟಿಕೊಂಡು ಹೋಗಿ, ಬೆಳೆಗೆ ಚರಗ ಚೆಲ್ಲಿ, ಅಂದರೆ ಅಡುಗೆಯ ಮೊದಲ ಪಾಲನ್ನು ಭೂಮಿಗೆ ಎರಚಿ, ಅಲ್ಲೇ ಬಯಲಲ್ಲಿ ಉಣ್ಣುವುದು. ವಿಜಾಪುರದಲ್ಲಿ ಆ ಹೊತ್ತಿಗೆ ಹಿತವಾದ ಎಳೆಬಿಸಿಲು. ಇಲ್ಲಿ ಅದೇ ಹೊತ್ತಿಗೆ ಸೈಕಲ್ಲಿನ ಸೀಟಿನ ಮೇಲೆ ಮಂಜು ಕೆರೆಯಬೇಕು. ಅದನ್ನೆಲ್ಲ ಫೋನಿಟ್ಟ ಮೇಲೆ ಯೋಚಿಸಿದೆ.

"ಹೊರಗಡೆ ಗ್ಯಾಸ್ ಒಲೆ ಇಟ್ಕೊಳೋಣ. ಮೇಲೊಂದು ಚಾವಣಿ, ಕೆಳಗೊಂದು ಮರದ ಕಟ್ಟೆ" ಅಂದೆ ಗಂಡನಿಗೆ.

"ಒಂದು ಹಂಚಿಗೋಸ್ಕರ ಅಷ್ಟು ದೊಡ್ಡ ಡೆಕ್ಕಾ? ಮೂಗಿಗಿಂತ ಮೂಗುತಿ ಭಾರ ಕಣೇ" ಅಂದ. ಅಂದವನೇ ಮರುದಿನ ಸ್ಪ್ರೆಡ್‌ಶೀಟ್ ತೆರೆದು ಕೂತ. ಅವನ ಸ್ವಭಾವವೇ ಹಾಗೆ. ಮೊದಲು ಗಾದೆ, ಆಮೇಲೆ ಸ್ಪ್ರೆಡ್‌ಶೀಟ್.

ಇಲ್ಲಿಯವರು ಶನಿವಾರ ಬಂತೆಂದರೆ ದೇವಸ್ಥಾನಕ್ಕೆ ಹೋಗುವ ನಿಷ್ಠೆಯಲ್ಲಿ 'ಕ್ಲುಸ್ಸೆನ್' ಮಾಡುತ್ತಾರೆ. ಮನೆಯಲ್ಲಿ ಏನಾದರೊಂದನ್ನು ಕೊರೆಯುವುದು, ಕುಟ್ಟುವುದು, ಬಿಚ್ಚಿ ಮತ್ತೆ ಜೋಡಿಸುವುದು. ಅಕ್ಟೋಬರ್‌ನಲ್ಲಿ ನಾವೂ ಆ ಮತಕ್ಕೆ ಸೇರಿದೆವು. ಮೊದಲು ಕಟ್ಟೆಯ ಕಾಲಿಗೆ ಗುಂಡಿ ತೋಡಬೇಕಿತ್ತು. ಚಳಿಗೆ ನೆಲ ಉಬ್ಬಿ ಕಟ್ಟೆಯನ್ನು ಎತ್ತಬಾರದಲ್ಲ, ಅದಕ್ಕೆ ಆಳಕ್ಕೇ ಹೋಗಬೇಕು. ಎರಡಡಿ ಅಗೆಯುತ್ತಿದ್ದಂತೆ ಗುಂಡಿಯಲ್ಲಿ ನೀರು ಬಂತು. ಗಂಡ ಗಾಬರಿಯಾದ. ನಾನು ಮಾತ್ರ ಸಲಿಕೆ ಹಿಡಿದು ನಿಂತು ನೋಡುತ್ತಲೇ ಇದ್ದೆ. ನಮ್ಮೂರಲ್ಲಿ ಐನೂರು ಅಡಿ ಬೋರ್ ಕೊರೆಸಿ, ತೆಂಗಿನಕಾಯಿ ಒಡೆದು, ಕೈಮುಗಿದು ನಿಂತರೂ ಬರುವುದು ಧೂಳು. ಇಲ್ಲಿ ಎರಡಡಿಗೆ, ಯಾರೂ ಕೇಳದೆ, ಬೇಡ ಅಂದರೂ ನೀರು!

ಪಕ್ಕದ ಮನೆಯ ಡಚ್ ಅಜ್ಜ ಬೇಲಿಯ ಆ ಕಡೆಯಿಂದ ಇದನ್ನೆಲ್ಲ ನೋಡುತ್ತಿದ್ದರು. ನಲವತ್ತು ವರ್ಷ ಬಡಗಿ ಕೆಲಸ ಮಾಡಿ ನಿವೃತ್ತರಾದವರು. ಮೂರು ಶನಿವಾರ ತಡೆದುಕೊಂಡರು. ನಾಲ್ಕನೆಯ ಶನಿವಾರ ನನ್ನ ಗಂಡ ಮಟ್ಟಗೋಲನ್ನು ತಲೆಕೆಳಗಾಗಿ ಹಿಡಿದದ್ದು ಕಂಡು, ತಮ್ಮದೇ ಸುತ್ತಿಗೆ ಹಿಡಿದು ಒಳಗೆ ಬಂದರು. ಆಮೇಲೆ ಕಟ್ಟೆ ಏಳತೊಡಗಿತು. ಕಾಂಕ್ರೀಟಿನ ಕಾಲು, ಅದರ ಮೇಲೆ ತೊಲೆ, ಗಾಳಿ ಬೀಸುವ ಕಡೆಗೆ ಹಲಗೆಯ ಗೋಡೆ, ಮೇಲೆ ಬೆಳಕು ಬಿಡುವ ಶೀಟು. ಒಲೆಯ ಕೆಳಗೆ ಮರಕ್ಕೆ ಬೆಂಕಿ ತಗಲದಂತೆ ನಾಲ್ಕು ಸಿಮೆಂಟು ಬಿಲ್ಲೆ.

ಹಲಗೆ ಹೊಡೆಯುವ ದಿನ ಅಜ್ಜನಿಗೂ ನನಗೂ ಜಗಳವಾಯಿತು. ಹಲಗೆ ಹಲಗೆಯ ನಡುವೆ ಕಿರುಬೆರಳ ಉಗುರಿನಷ್ಟು ಸಂದು ಬಿಡಬೇಕು ಎಂದರು ಅಜ್ಜ. ಮಳೆನೀರು ಇಳಿಯಬೇಕು, ಮರ ಉಬ್ಬಿದರೆ ಜಾಗ ಬೇಕು. ನಾನು ಸುತರಾಂ ಒಪ್ಪಲಿಲ್ಲ. ಅಡುಗೆಮನೆಯ ನೆಲದಲ್ಲಿ ಸಂದೇ? ಸಾಸಿವೆ ಬೀಳುತ್ತದೆ, ಹಿಟ್ಟು ಬೀಳುತ್ತದೆ, ಬಿದ್ದದ್ದು ಕಾಲಡಿಯೇ ಕೊಳೆಯುತ್ತದೆ. ಅನ್ನದ ಮೇಲೆ ನಡೆದಾಡುವುದು ನಮ್ಮಲ್ಲಿ ಇಲ್ಲ ಎಂದೆ. ಅವರು ನನ್ನನ್ನು ನೋಡಿದರು, ಹಲಗೆ ನೋಡಿದರು, ಭುಜ ಹಾರಿಸಿದರು. "ಕಟ್ಟೆ ನಿಮ್ಮದು" ಎಂದು ಒಂದಕ್ಕೊಂದು ಅಂಟಿಸಿ ಹೊಡೆದುಕೊಟ್ಟರು. ಇರುವೆಯ ಕಾಲೂ ಸೇರದಂತೆ ಕೂತ ನೆಲ ನೋಡಿ ನಾನು ಗೆದ್ದೆ ಅಂದುಕೊಂಡೆ.

ಎಳ್ಳಮಾವಾಸ್ಯೆಯ ದಿನ ರಜೆ ಹಾಕಿದ್ದೆವು. ಬೆಳಗಿನ ಎಂಟಕ್ಕೂ ಇನ್ನೂ ಕತ್ತಲು. ಫೋನು ಮೈನಸ್ ಐದು ಎನ್ನುತ್ತಿತ್ತು. ಮೇಲೆ ವಿಮಾನಗಳು ಮಾಮೂಲಿನಂತೆ ನಮ್ಮ ಹೊಸ ಚಾವಣಿಯನ್ನು ಸವರಿಕೊಂಡೇ ಇಳಿಯುತ್ತಿದ್ದವು. ನಾನು ಎದ್ದವಳೇ ಅವ್ವ ಮಾಡುತ್ತಿದ್ದುದನ್ನೇ ಮಾಡಿದೆ. ನೆಲಕ್ಕೆ ನೀರು ಬೀಳದೆ ಒಲೆಗೆ ಬೆಂಕಿ ಬೀಳಬಾರದು ಅನ್ನುವುದು ಅವಳ ನೇಮ. ಎರಡು ಬಕೆಟ್ ನೀರು ಹೊಯ್ದು, ಹಿಡಿಕಸಬರಿಗೆಯಲ್ಲಿ ಕಟ್ಟೆಯನ್ನು ಗಸಗಸ ತಿಕ್ಕಿದೆ. ಮೆಟ್ಟಿಲ ಬಳಿ ಐದೆಳೆಯ ರಂಗೋಲಿ ಎಳೆದೆ. ಒಲೆಗೆ ಕುಂಕುಮ ಇಟ್ಟೆ. ಮನಸ್ಸು ತುಂಬಿ ಬಂತು. ಒಳಗೆ ಹೋಗಿ ಸ್ನಾನ ಮಾಡಿದೆ, ಇಳಕಲ್ ಸೀರೆ ಉಟ್ಟೆ, ಮೇಲೆ ಗಂಡನ ಸ್ಕೀ ಜಾಕೆಟ್ ಹಾಕಿದೆ, ಕುದಿಯುವ ನೀರು ಹೊಯ್ದು ಜೋಳದ ಹಿಟ್ಟು ನಾದಿದೆ.

ಗಂಡ ಗ್ಯಾಸ್ ಹಚ್ಚುತ್ತೇನೆಂದು ಮುಂದೆ ಹೋದ. ಬಾಗಿಲಾಚೆ ಒಂದು ಹೆಜ್ಜೆ ಇಟ್ಟದ್ದು ಕಂಡಿತು. ಎರಡನೆಯ ಹೆಜ್ಜೆ ಆಕಾಶದಲ್ಲಿತ್ತು.

"ರೊಟ್ಟಿ ಜಾರಿ ತುಪ್ಪಕ್ಕೆ ಬೀಳೋದು ಕೇಳಿದ್ದೆ. ತಿನ್ನೋನು ಜಾರಿದ್ದು ಇದೇ ಮೊದಲು" ಎಂದ, ಬಿದ್ದಲ್ಲಿಂದಲೇ. ಅಂದಮೇಲೆ ಮೂಳೆ ಮುರಿದಿಲ್ಲ ಅಂತಾಯಿತು.

ಹತ್ತು ವರ್ಷದ ಮಗಳು ಬಗ್ಗಿ ನೋಡಿ, "ಅಮ್ಮಾ, ಯು ಮೇಡ್ ಆ್ಯನ್ ಐಸ್ ರಿಂಕ್!" ಎಂದು ಕುಣಿದಾಡಿದಳು. ಕಟ್ಟೆಯಿಡೀ ಗಾಜಾಗಿತ್ತು. ಇಳಿಯಲು ಸಂದಿಲ್ಲದ ನೀರು ನಿಂತಲ್ಲೇ ಹೆಪ್ಪುಗಟ್ಟಿತ್ತು. ನನ್ನ ಐದೆಳೆಯ ರಂಗೋಲಿ ಫ್ರೇಮು ಹಾಕಿಸಿದ ಹಾಗೆ ಹಿಮದ ಕೆಳಗೆ ನಗುತ್ತಿತ್ತು. ಆಚೆ ತುದಿಯಲ್ಲಿ ಒಲೆ, ಈಚೆ ತುದಿಯಲ್ಲಿ ನಾನು, ಕೈಯಲ್ಲಿ ಆರುತ್ತಿರುವ ಹಿಟ್ಟು. ಜೋಳದ ಹಿಟ್ಟು ಬಿಸಿಯಿದ್ದಾಗಲೇ ಬಡಿಯಬೇಕು, ಆರಿದರೆ ಅದರ ಜಿಗಿ ಹೋಗಿ ಅಂಚು ಸೀಳುತ್ತದೆ. ಮಾಡಿದ್ದುಣ್ಣೋ ಮಹರಾಯ. ನನಗೆ ಅಳು ಬಂತು, ಅದನ್ನು ಸಿಟ್ಟಾಗಿ ಬದಲಾಯಿಸಿಕೊಂಡು ಗಂಡನ ಮೇಲೆ ಹಾಕಿದೆ. "ಅಲ್ಲೇ ಏನ್ ಕುಂತಿ? ಏಳು!"

ಗದ್ದಲಕ್ಕೆ ಅಜ್ಜ ಹೊರಗೆ ಬಂದರು. ಕಟ್ಟೆ ನೋಡಿದರು, ಬಕೆಟ್ ನೋಡಿದರು. ನೆಲವನ್ನು ಯಾಕೆ ತೊಳೆದಿರಿ ಎಂದು ಕೇಳಲಿಲ್ಲ, ಹೇಳಿದೆನಲ್ಲ ಎಂದೂ ಅನ್ನಲಿಲ್ಲ. ಉಪ್ಪು ಹಾಕಿದರೆ ಕರಗಲು ಒಂದು ಗಂಟೆ ಬೇಕು ಎಂದರು. ಹಿಟ್ಟು ಕಾಯುವುದಿಲ್ಲ ಎಂದೆ. ಅವರು ಒಳಗೆ ಹೋಗಿ ಹಳೆಯ ಮರದ ಕುರ್ಚಿಯೊಂದನ್ನು ತಂದು ನನ್ನ ಮುಂದೆ ಹಿಮದ ಮೇಲಿಟ್ಟರು. ಇಲ್ಲಿ ಮಕ್ಕಳು ಹೆಪ್ಪುಗಟ್ಟಿದ ಕಾಲುವೆಯ ಮೇಲೆ ಜಾರುವುದನ್ನು ಕಲಿಯುವುದೇ ಹೀಗಂತೆ. ಕುರ್ಚಿಯ ಬೆನ್ನು ಹಿಡಿದು ತಳ್ಳಿಕೊಂಡು ಹೋಗುವುದು.

ಹೋದೆ. ಕುರ್ಚಿಯ ಮೇಲೆ ಹಿಟ್ಟಿನ ಪರಾತ, ಅದರ ಮೇಲೆ ಮಣೆ, ಮಣೆಯ ಮೇಲೆ ಹಂಚು, ಹಿಂದೆ ಇಳಕಲ್ ಸೀರೆಯಲ್ಲಿ ನಲವತ್ತೆರಡರ ನಾನು. ಕರ್ರ್ ಕರ್ರ್ ಎಂದು ಅಂಗುಲ ಅಂಗುಲವಾಗಿ ಅಡುಗೆಮನೆ ಪ್ರವೇಶ ಮಾಡಿದೆ. ಸಿಮೆಂಟು ಬಿಲ್ಲೆಯ ಮೇಲೆ ಮಾತ್ರ ನೀರು ಬಿಲ್ಲೆಗಳ ನಡುವಿನ ಸಂದಿನಲ್ಲಿ ಇಳಿದು ಒಣಗಿತ್ತು. ಅಜ್ಜ ಅದನ್ನು ಗಮನಿಸಿದರು. ನಾನು ಗಮನಿಸದವಳಂತೆ ಒಲೆ ಹಚ್ಚಿದೆ.

ಮೊದಲ ರೊಟ್ಟಿ ಎತ್ತುವಾಗಲೇ ಎರಡಾಯಿತು. ಎರಡನೆಯದು ಹಂಚಿನ ಮೇಲೆ ಕರ್ನಾಟಕದ ನಕಾಶೆಯಾಯಿತು. ಮೇಲೆ ನೀರು ಸವರುವ ಅರಿವೆ ಚಳಿಗೆ ಸೆಟೆದು ಹಪ್ಪಳದಂತೆ ನಿಂತಿತು. ಇಲ್ಲ, ಕೈಯಲ್ಲಿ ಏನೂ ಉಳಿದಿಲ್ಲ, ಹಂಚನ್ನು ಅಕ್ಕನ ಗೋಡೆಗೆ ಕಳಿಸುವುದೇ ಸರಿ ಅನ್ನಿಸಿತು.

ಹರಿದ ಎರಡನ್ನೂ ಚೂರು ಮಾಡಿ ಚರಗವೆಂದು ತೋಟಕ್ಕೆ ಎರಚಿದೆ. "ಭೂಮಿತಾಯಿಗೆ ಹರಿದ ರೊಟ್ಟಿನಾ?" ಅಂದ ಗಂಡ.

"ಆಕಿ ನಿಮ್ಮ ಅಮ್ಮನಂಗ ಮಾಡಿದ್ದಕ್ಕೆಲ್ಲ ಹೆಸರಿಡಂಗಿಲ್ಲ" ಅಂದೆ. ಅವನು ನಕ್ಕ, ಅವನ ಜೊತೆ ನನಗೂ ನಗು ಬಂತು. ನಗುತ್ತಲೇ ಮೂರನೆಯ ಉಂಡೆ ಮಣೆಗೆ ಹಾಕಿದೆ. ಅದನ್ನು ಬಡಿಯುವಾಗ ಕೈಯನ್ನು ನೋಡಲಿಲ್ಲ. ಬೇಲಿಯ ಮೇಲೆ ಬಂದು ಕೂತ ಕಾಗೆಗಳನ್ನು ನೋಡುತ್ತಿದ್ದೆ. ರೊಟ್ಟಿ ಹಂಚಿಗೆ ಬಿತ್ತು, ತಿರುಗಿತು, ಬೆಂಕಿಗೆ ಹಿಡಿದಾಗ ಹೊಟ್ಟೆ ಉಬ್ಬಿಸಿಕೊಂಡಿತು. ಮಗಳು ಕಿರುಚಿದಳು. ಅಜ್ಜ ಎರಡೂ ಕೈಯಲ್ಲಿ ಹಿಡಿದು, ಬೆಣ್ಣೆ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಹಚ್ಚಿಕೊಂಡು, ನಿಂತಲ್ಲೇ ತಿಂದರು. ಆಮೇಲೆ ಒಂದರ ಹಿಂದೊಂದು, ನಿಲ್ಲಲಿಲ್ಲ. ಬೆನ್ನಿಗೆ ಚಳಿ, ಮುಖಕ್ಕೆ ಬೆಂಕಿ, ಅಂಗೈ ಕೆಂಪು. ಇಷ್ಟು ಸಂತೋಷ ನನಗೆ ಈ ದೇಶದಲ್ಲಿ ಮೊದಲು ಆಗಿರಲಿಲ್ಲ.

ನಡುವೆ ಯಾವಾಗಲೋ ಮಗಳು ನನ್ನ ಫೋನು ತೆಗೆದು, ಕೈಗವಸಿನಲ್ಲೇ ಏನೋ ಒತ್ತಿ, ರೊಟ್ಟಿ ಬಡಿಯುವ ಸದ್ದನ್ನು ದೊಡ್ಡಮ್ಮನಿಗೆ ಕಳಿಸಿದ್ದಳು. ಚಿತ್ರವಿಲ್ಲ, ಮಾತಿಲ್ಲ, ಸದ್ದಷ್ಟೇ. ನಮ್ಮ ಓಣಿಯಲ್ಲಿ ಒಬ್ಬೊಬ್ಬರ ಬಡಿತ ಒಂದೊಂದು ಥರ. ಯಾರ ಮನೆಯಲ್ಲಿ ಯಾರು ರೊಟ್ಟಿಗೆ ಕೂತಿದ್ದಾರೆ ಅಂತ ಹೊರಗೆ ನಿಂತೇ ಹೇಳಬಹುದಿತ್ತು. ಅವ್ವನದು ಎರಡು ಬಡಿತ ಬೇಗ, ಮೂರನೆಯದು ಒಂಚೂರು ತಡ. ನಾನು ಹೇಗೆ ಬಡಿಯುತ್ತೇನೆ ಅಂತ ನನಗೆ ಯಾವತ್ತೂ ಗೊತ್ತಿರಲಿಲ್ಲ.

ಅಕ್ಕನ ಉತ್ತರ ಬಂತು. ಮಗಳು ಫೋನನ್ನು ನನ್ನ ಕಿವಿಯ ಹತ್ತಿರ ಹಿಡಿದಳು.

"ಯಾವಾಗ ರೆಕಾರ್ಡ್ ಮಾಡಿಟ್ಟಿದ್ದಿ ಇದನ್ನ? ಅವ್ವ ಬಡಿಯೂ ಸಪ್ಪಳ ನಿನ್ನ ಹತ್ರ ಐತಿ ಅಂತ ಇಷ್ಟ್ ವರ್ಷ ನನಗ ಹೇಳೇ ಇಲ್ಲಲ್ಲ."

ಕೈತುಂಬ ಹಿಟ್ಟಿತ್ತು, ಕಣ್ಣು ಒರೆಸಿಕೊಳ್ಳಲೂ ಆಗಲಿಲ್ಲ. ಮಗಳಿಗೆ ಗುಂಡಿ ಒತ್ತು ಅಂದೆ. "ಅಕ್ಕಾ, ಅದು ನಾ" ಅಂದೆ, ಹಂಚಿನ ಮೇಲಿನ ರೊಟ್ಟಿ ಸೀಯುವ ಮೊದಲು ತಿರುವಿದೆ.