ಕೊನೆಯ ಗೆರೆ ಎಳೆಯುವ ಕೈ

ವಾಚನಾಲಯದ ರೇಡಿಯೊದಲ್ಲಿ ಮಗನ ಕೈ ಕೇಳಿಸಿತು ಎಂದು ತಂತಿ ಮೇಷ್ಟ್ರು ವೀರಭದ್ರಯ್ಯನವರು ಮನೆಗೆ ಓಡಿಬಂದು ಹೇಳಿದ್ದು ನಲವತ್ತಮೂರನೇ ಇಸವಿಯಲ್ಲಿ, ಯುಗಾದಿ ಕಳೆದ ವಾರ. ಕೈ ಎಲ್ಲಾದರೂ ಕೇಳಿಸುತ್ತದೆಯೇ ಎಂದು ನಗಬೇಡಿ. ತಂತಿ ಕುಟ್ಟುವವರಲ್ಲಿ ಒಬ್ಬೊಬ್ಬರ ಕೈ ಒಂದೊಂದು ಥರ. ಗಿಡ್ಡ ಸದ್ದಿನ ಚುಕ್ಕೆ, ಉದ್ದ ಸದ್ದಿನ ಗೆರೆ ಎಲ್ಲರಿಗೂ ಅವೇ ಆದರೂ ಕುಟ್ಟುವ ವರಸೆ ಬೇರೆ, ದನಿ ಕೇಳಿ ಆಳನ್ನು ಗುರುತಿಸಿದ ಹಾಗೆ ಗುರುತಿಸಬಹುದು.

ಮೂವತ್ತು ವರ್ಷ ಮಧುಗಿರಿಯ ಅಂಚೆ ಕಚೇರಿಯಲ್ಲಿ ತಂತಿ ಕುಟ್ಟಿ ಪಿಂಚಣಿ ತೆಗೆದುಕೊಂಡ ಮನುಷ್ಯ ಅವರು. ಮಗ ಪರ್ವತಯ್ಯನಿಗೂ, ಕೊಳಾಲದಿಂದ ಕಲಿಯಲು ಬರುತ್ತಿದ್ದ ರುದ್ರಯ್ಯನಿಗೂ ಮನೆಯ ಜಗಲಿಯಲ್ಲೇ ವಿದ್ಯೆ ಹೇಳಿಕೊಟ್ಟರು. ಕೊನೆಯ ಗೆರೆಯನ್ನು ಬೇಕಾದ್ದಕ್ಕಿಂತ ಉದ್ದಕ್ಕೆ ಎಳೆಯುವುದು ಪರ್ವತನ ಕೆಟ್ಟ ಚಾಳಿ. ಎಷ್ಟು ಸಲ ಗೆಣ್ಣಿನ ಮೇಲೆ ರೂಲುದೊಣ್ಣೆಯಿಂದ ಬಾರಿಸಿದರೂ ಬಿಡಲಿಲ್ಲ. ಅದೇ ಚಾಳಿ ಇಟ್ಟುಕೊಂಡು ರಂಗೂನಿನ ತಂತಿ ಕಚೇರಿಗೆ ಕೆಲಸಕ್ಕೆ ಹೋದ. ಮರುವರ್ಷ ಜಪಾನಿನವರು ಬಂದು ರಂಗೂನು ಹಿಡಿದರು. ಆಮೇಲೆ ಒಂದು ಕಾಗದವೂ ಇಲ್ಲ. ಇತ್ತ ತಾಯಿ ಚನ್ನಮಲ್ಲಮ್ಮನವರು ತಲೆ ಬಾಚುವುದನ್ನು ಬಿಟ್ಟರು, ದಿನಕ್ಕೆ ಒಂದೇ ಹೊತ್ತು ಉಣ್ಣತೊಡಗಿದರು.

ಅಂಥ ಮನೆಗೆ ಈ ಸುದ್ದಿ ಬಂದಿತ್ತು. ಡೆಲ್ಲಿಯ ವಾರ್ತೆಯ ಹಿಂದೆ ಸಣ್ಣಗೆ ಪೀ ಪೀ ಎನ್ನುವ ಸದ್ದು. ಊರಿನ ಬೇರೆಯವರಿಗೆ ಅದು ಕಿರಿಕಿರಿ, ಮೇಷ್ಟ್ರಿಗೆ ಅಕ್ಷರ. ಐದೈದು ಅಕ್ಷರದ ಗುಂಪುಗಳು, ಒಂದಕ್ಕೂ ಅರ್ಥವಿಲ್ಲ, ಯಾವುದೋ ಗುಪ್ತ ಭಾಷೆ. ಆದರೆ ಪ್ರತಿ ಗುಂಪಿನ ಕೊನೆಯ ಗೆರೆ ಎಳೆದುಕೊಂಡಿತ್ತು. ಬದುಕಿದ್ದಾನೆ, ಯಾರೋ ಹಿಡಿದಿಟ್ಟುಕೊಂಡು ಕೆಲಸ ಮಾಡಿಸುತ್ತಿದ್ದಾರೆ ಎಂದು ಅವರು ತೀರ್ಮಾನಿಸಿಬಿಟ್ಟರು.

ರೇಡಿಯೊ ನೋಡಿಕೊಳ್ಳುತ್ತಿದ್ದ ಜಯರಾಮಯ್ಯ ಒಂದು ಮಾತು ಹೇಳಿದ. ದೂರದ ಸ್ಟೇಷನ್ನು ಬಿಸಿಲ ಹೊತ್ತಿನಲ್ಲಿ ಸೊರಗುತ್ತದೆ, ಕತ್ತಲಾದರೆ ಗೆಲುವಾಗುತ್ತದೆ. ಇದು ನಡುಮಧ್ಯಾಹ್ನವೂ ಅಷ್ಟೇ ಗಟ್ಟಿಯಾಗಿದೆ, ಆದ್ದರಿಂದ ಬೆಂಗಳೂರು ಕಡೆಯದೇ ಇರಬೇಕು ಎಂದ. ಮೇಷ್ಟ್ರು ವಾರವಿಡೀ ಅವನ ಜೊತೆ ಮಾತು ಬಿಟ್ಟರು. ಅವರಿಗೆ ಗೊತ್ತಿಲ್ಲದ ವಿಷಯವೇ ಅದು? ಗೊತ್ತಿತ್ತು. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಎನ್ನುತ್ತಾರಲ್ಲ, ಆ ಕಡ್ಡಿಯನ್ನು ಕಿತ್ತುಕೊಳ್ಳಲು ಬಂದವನ ಮುಖ ನೋಡಲು ಯಾರಿಗೆ ಮನಸ್ಸು ಬರುತ್ತದೆ ಹೇಳಿ.

ಚನ್ನಮಲ್ಲಮ್ಮನವರು ದಿನಾ ಮಧ್ಯಾಹ್ನ ಬಂದು ವಾಚನಾಲಯದ ಕಂಬಕ್ಕೆ ಒರಗಿ ಕೂತರು. ಒಂದಕ್ಷರ ತಿಳಿಯದಿದ್ದರೂ ಕೇಳಿದರು. ಎರಡು ಹೊತ್ತು ಉಂಡರು. ಪಕ್ಕದ ಮನೆಯ ಹನುಮಕ್ಕನಿಗೆ ಹೇಳಿ ಬಡವನಹಳ್ಳಿಯಲ್ಲಿ ಮಗನಿಗೊಂದು ಹೆಣ್ಣನ್ನೂ ಕೇಳಿಸಿದರು. ಹೀಗೆ ನಾಲ್ಕು ತಿಂಗಳು ನಡೆಯಿತು.

ಶ್ರಾವಣದಲ್ಲಿ ಒಂದು ದಿನ ಸದ್ದು ನಿಂತಿತು. ಮಾರನೆಯ ದಿನವೂ ಇಲ್ಲ, ಅದರಾಚೆಯ ದಿನವೂ ಇಲ್ಲ. ಮಗನನ್ನು ಕೊಂದೇಬಿಟ್ಟರೇನೋ ಎಂದು ಮೇಷ್ಟ್ರು ಹೆದರಿದರು. ಹೆಂಡತಿಗೆ ರೇಡಿಯೊದ ಬ್ಯಾಟರಿ ಕೆಟ್ಟಿದೆ ಎಂದು ಸುಳ್ಳು ಹೇಳಿ ಮನೆಯಲ್ಲೇ ಕೂರಿಸಿದರು.

ನಾಲ್ಕನೆಯ ದಿನ ಮಧ್ಯಾಹ್ನ ವಾಚನಾಲಯಕ್ಕೆ ರುದ್ರಯ್ಯ ಬಂದ. ಮೈಮೇಲೆ ಪಟಾಲಮ್ಮಿನ ಉಡುಪು. ಬೆಂಗಳೂರಿನಲ್ಲಿ ಸೇನೆಯ ವೈರ್‌ಲೆಸ್ ಕೆಲಸ, ಒಂದು ವಾರದ ರಜೆಯಲ್ಲಿ ಮೂರು ದಿನ ಕಳೆದಿತ್ತು, ಗುರುಗಳಿಗೆ ನಮಸ್ಕಾರ ಮಾಡಿ ಹೋಗೋಣವೆಂದು ಬಂದಿದ್ದ. ಮೇಷ್ಟ್ರು ಅವನ ತೋಳು ಹಿಡಿದು ಬೆಂಚಿನ ಮೇಲೆ ಕೂರಿಸಿ ಎಲ್ಲ ಹೇಳಿದರು. ಐದು ಅಕ್ಷರದ ಗುಂಪು, ಮಧ್ಯಾಹ್ನದ ಹೊತ್ತು, ಎಳೆದ ಗೆರೆ. ಕೇಳುತ್ತ ಕೇಳುತ್ತ ರುದ್ರಯ್ಯನ ಮುಖ ಬಾಡಿತು. ಬೆಂಚಿನ ಮೇಲೆ ಬೆರಳಿನಿಂದ ಕುಟ್ಟಿದ, ಗೆರೆ ಬಂದಾಗ ಒತ್ತಿ ಹಿಡಿದ.

"ಹಿಂಗೇನಾ ಮೇಷ್ಟ್ರೇ?"

"ಹೂಂ, ಇದೇ ಕಣೋ. ಪರ್ವತನ ಕೈ."

"ಅವನಲ್ಲ ಮೇಷ್ಟ್ರೇ, ನಾನು. ನಾವಿಬ್ರೂ ನಿಮ್ಮನ್ನ ನೋಡ್ಕಂಡೇ ಕಲ್ತಿದ್ದು. ನಿಮ್ ಮುಂದೆ ಏಟಿಗೆ ಹೆದ್ರಿ ನಾನು ತಡ್ಕಂತಿದ್ದೆ, ಅಷ್ಟೇ. ಅದು ನಿಮ್ ಕೈ."

ಮೇಷ್ಟ್ರು ತಮ್ಮ ಬೆರಳು ಇಟ್ಟು ನಿಧಾನವಾಗಿ ಕುಟ್ಟಿ ನೋಡಿದರು. ಮೂವತ್ತು ವರ್ಷ ಬೇರೆಯವರ ಕೈಗಳನ್ನೆಲ್ಲ ಗುರುತಿಸಿದವರು ತಮ್ಮದನ್ನು ಕೇಳಿಸಿಕೊಂಡಿದ್ದು ಅದೇ ಮೊದಲು. ಕೊನೆಯ ಗೆರೆ ಎಳೆದುಕೊಂಡಿತು. ತಮ್ಮದೇ ತಪ್ಪಿಗೆ ಮಗನ ಗೆಣ್ಣು ಬಾವು ಬರುವಂತೆ ಹೊಡೆದಿದ್ದರು. ಹೋಗಿ ಕ್ಷಮೆ ಕೇಳಲು ಆ ಮಗನಾದರೂ ಎಲ್ಲಿದ್ದಾನೆ?

ಸುಳ್ಳನ್ನೇ ಮುಂದುವರಿಸಿದರೆ ಯಾರಿಗೇನು ನಷ್ಟ ಎಂದು ದಾರಿಯುದ್ದಕ್ಕೂ ಯೋಚಿಸಿದರು. ಆದರೆ ಬಡವನಹಳ್ಳಿಯವರು ಮಾತುಕತೆಗೆ ಸೋಮವಾರ ಬರುವುದೆಂದು ನಿಶ್ಚಯವಾಗಿತ್ತು. ಯಾರದೋ ಮನೆಯ ಹೆಣ್ಣುಮಗಳು ಇಲ್ಲದ ಗಂಡಿಗೆ ಕಾದು ಕೂರುತ್ತಾಳೆ. ಮನೆಗೆ ಬಂದು, ಅಕ್ಕಿ ಆರಿಸುತ್ತಿದ್ದ ಹೆಂಡತಿಯ ಎದುರು ಕೂತು, ಒಂದನ್ನೂ ಮುಚ್ಚಿಡದೆ ಹೇಳಿದರು. ಮಗ ಸತ್ತ ಎಂದು ಹೇಳಲಿಲ್ಲ, ಅದು ಅವರಿಗೆ ಗೊತ್ತೂ ಇರಲಿಲ್ಲ. ಕೇಳಿಸಿದ್ದು ಅವನಲ್ಲ ಎಂದರು, ಅಷ್ಟೇ.

ಚನ್ನಮಲ್ಲಮ್ಮನವರು ಮೊರವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಅವರು ತೆಗೆದ ದನಿಗೆ ಬೀದಿಯ ಹೆಂಗಸರೆಲ್ಲ ಓಡಿಬಂದರು. ಸಾವಿನ ಅಳು ಹೆಂಗಸರಿಗೆ ಗೊತ್ತಾಗುತ್ತದೆ. ಹನುಮಕ್ಕ ಅವರನ್ನು ತಬ್ಬಿಕೊಂಡು, ಮಗನ ಸುದ್ದಿ ಬಂತೇ, ಯಾವತ್ತು ಹೋದನಂತೆ ಎಂದು ಕೇಳಿದಳು.

"ಇವತ್ತು ಕಣಮ್ಮ," ಎಂದರು ಚನ್ನಮಲ್ಲಮ್ಮ.