ಹಬ್ಬದ ಎರಡನೆಯ ದಿನದ ವಿಮಾನ

"ಅಮ್ಮಾ, ಆರ್ಲೀನ್ ಆಂಟಿ ಯಾಕೆ ಕಾರೊಳಗೆ ಒಬ್ರೇ ಕೂತ್ಕೊಂಡು ಕಿರುಚ್ತಾ ಇದಾರೆ?"

ಓರ್ಲಿ ಇದನ್ನು ಕೇಳಿದಾಗ ನಾನು ಅವಳ ಕೋಟಿನ ಜಿಪ್ಪಿನ ಜೊತೆ ಗುದ್ದಾಡುತ್ತಿದ್ದೆ. ತಲೆಯೆತ್ತಿ ನೋಡಿದೆ. ವೃದ್ಧರ ವಸತಿಗೃಹದ ಪಾರ್ಕಿಂಗಿನಲ್ಲಿ, ಗಾಜುಗಳನ್ನೆಲ್ಲ ಏರಿಸಿಕೊಂಡು, ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಆರ್ಲೀನ್ ಫಿಶ್‌ಬೈನ್ ನಿಜಕ್ಕೂ ಕಿರುಚುತ್ತಿದ್ದರು. ಫೋನಿನಲ್ಲಿ ಯಾರ ಮೇಲೋ ರೇಗುತ್ತಿದ್ದಾರೆ ಅನ್ನೋಣವೆಂದರೆ ಫೋನು ಕಾರಿನ ಮೇಲೆ, ಮರೆತುಬಿಟ್ಟ ಕಾಫಿ ಲೋಟದ ಪಕ್ಕದಲ್ಲಿತ್ತು. ಧ್ವನಿ ಕೇಳಲಿಲ್ಲ, ಬಾಯಿ ಮಾತ್ರ ಕಾಣುತ್ತಿತ್ತು.

"ಹಾಡ್ತಿರಬೇಕು ಪುಟ್ಟಾ."

"ಹಾಡೋವಾಗ ಯಾರೂ ಸ್ಟೀರಿಂಗ್‌ಗೆ ಹೊಡೆಯಲ್ಲ."

ಐದು ವರ್ಷದವಳಿಗೆ ಸುಳ್ಳು ಹೇಳುವುದು ದಿನದಿಂದ ದಿನಕ್ಕೆ ಕಷ್ಟವಾಗುತ್ತಿದೆ. "ಅವರಿಗೆ ಬೇಜಾರಾಗಿದೆ. ಯಾಕೆ ಅಂತ ಆಮೇಲೆ ಕೇಳ್ತೀನಿ" ಎಂದು ಅವಳನ್ನು ಕಾರಿಗೆ ಹತ್ತಿಸಿದೆ. ಅವಳಿಗೆ ನಾನಿನ್ನೂ ಸರಿಯಾದ ಉತ್ತರ ಕೊಟ್ಟಿಲ್ಲ. ಇಲ್ಲಿ ಬರೆದಿಡುತ್ತೇನೆ, ದೊಡ್ಡವಳಾದ ಮೇಲೆ ಓದಿಕೊಳ್ಳಲಿ.

ಅಮೆರಿಕದ ಡೆನ್ವರಿನ ನಮ್ಮ ಯಹೂದಿ ಮಂದಿಯಲ್ಲಿ ಆರ್ಲೀನ್ ಗೊತ್ತಿಲ್ಲದವರು ಕಡಿಮೆ. ವಾರದ ದಿನಗಳಲ್ಲಿ ಅವರಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಆ ಕೆಲಸ ಅಂಗಡಿಯಲ್ಲೇ ಉಳಿಯುವುದಿಲ್ಲ. ಎದುರಿಗೆ ಬಂದವರ ಕನ್ನಡಕ ಕೂದಲೆಳೆಯಷ್ಟು ವಾಲಿದ್ದರೂ ಕೇಳದೆ ಕಿತ್ತುಕೊಂಡು, ಕಡ್ಡಿ ಬಗ್ಗಿಸಿ, ವಾಪಸು ಮೂಗಿನ ಮೇಲೆ ಕೂರಿಸುತ್ತಾರೆ. ಒಂದು ಶವಸಂಸ್ಕಾರದಲ್ಲಿ, ಪ್ರಾರ್ಥನೆ ಶುರುವಾಗುವ ಮುಂಚೆ, ನಮ್ಮ ಧರ್ಮಗುರು ರಬ್ಬಿಯ ಕನ್ನಡಕಕ್ಕೂ ಇದೇ ಗತಿಯಾಗಿತ್ತು. ಗಂಡನ ಜೊತೆ ಬಾಳ್ವೆ ಆಗಲಿಲ್ಲ, ಮಕ್ಕಳಿಲ್ಲ. "ನನಗೆ ವರ್ಷಕ್ಕೆ ಇಪ್ಪತ್ತು ಮಕ್ಕಳು ಹುಟ್ತಾರೆ, ಎಲ್ಲಾ ಹದಿನಾರು ವರ್ಷದವು, ಎಲ್ಲಾ ಎದುರುತ್ತರ ಕೊಡೋವು" ಅನ್ನುತ್ತಾರೆ.

ಆ ಮಕ್ಕಳು ಫೆಲೋಶಿಪ್ ಎಂಬ ನಮ್ಮ ಸೇವಾ ತಂಡದ ಮಕ್ಕಳು. ಶಾಲೆಯ ವರ್ಷವಿಡೀ ಭಾನುವಾರ ಊರಿನಲ್ಲಿ ಸೇವೆ ಮಾಡಬೇಕು. ರಜೆ ಬಂದ ಕೂಡಲೇ ಎಲ್ಲರೂ ಒಟ್ಟಿಗೆ ಇಸ್ರೇಲಿಗೆ ಹೋಗಿ, ಅಲ್ಲಿಯ ಮನೆಗಳಲ್ಲಿ ಉಳಿದು, ಅಲ್ಲಿಯ ಹುಡುಗರ ಜೊತೆ ತಿರುಗಿ, ಅಲ್ಲಿಯೂ ಏನಾದರೂ ಕೆಲಸ ಮಾಡಬೇಕು. ವ್ಯಾನ್ ಓಡಿಸಲು ಬಂದ ಆರ್ಲೀನ್ ಕೊನೆಗೆ ಇಡೀ ಗುಂಪನ್ನೇ ಓಡಿಸುವವರಾದರು. ನಾನೂ ಒಂದು ವರ್ಷ ಅವರ ಹದಿನಾರರ ಮಗಳಾಗಿದ್ದೆ. ಇಸ್ರೇಲಿನ ಹೈಫಾದಲ್ಲಿ ನನಗೆ ಜ್ವರ ಬಂದಾಗ ಮೆತ್ತಗೆ ಅನ್ನ ಬೇಯಿಸಿ, "ತಿನ್ನದಿದ್ರೆ ನಿಮ್ಮಮ್ಮಂಗೆ ಫೋನ್ ಮಾಡಿ ಇಲ್ಲಿಗೇ ಕರೆಸ್ತೀನಿ" ಎಂದು ಹೆದರಿಸಿ ತಿನ್ನಿಸಿದ್ದರು. ಈಗ ಭಾನುವಾರಗಳಂದು ಅವರಿಗೆ ಸಹಾಯಕ್ಕೆ ಹೋಗುತ್ತೇನೆ. ಓರ್ಲಿಯೂ ಬರುತ್ತಾಳೆ, ಬಿಸ್ಕತ್ತು ಖಾಲಿ ಮಾಡುವ ಸೇವೆಗೆ.

ಇತ್ತೀಚೆಗೆ ಆರ್ಲೀನ್‌ಗೆ ಮೊದಲಿನ ತಾಳ್ಮೆ ಇಲ್ಲ. ಸಂದರ್ಶನಕ್ಕೆ ಬರುವ ಮಕ್ಕಳೆಲ್ಲ ಒಂದೇ ಬಾಯಿಪಾಠ ಒಪ್ಪಿಸುತ್ತಾರೆ: ಸೇವೆ ನನ್ನನ್ನು ಬದಲಾಯಿಸಿತು, ನಾನು ಸಮಾಜವನ್ನು ಬದಲಾಯಿಸಿದೆ. ಕಾಲೇಜಿನ ಅರ್ಜಿಯಲ್ಲಿ ಚೆನ್ನಾಗಿ ಕಾಣುತ್ತದೆಂದು ಮನೆಯಲ್ಲೇ ಹೇಳಿಕೊಟ್ಟು ಕಳಿಸಿರುತ್ತಾರೆ. ಕಳೆದ ಸಲ ಒಬ್ಬ ಹುಡುಗ, ಒಂದು ಮಧ್ಯಾಹ್ನ ಸ್ಯಾಂಡ್‌ವಿಚ್ ಕಟ್ಟಿದವನು, "ನಾನು ಹಸಿವನ್ನ ಹತ್ತಿರದಿಂದ ನೋಡಿದೀನಿ" ಅಂದ.

"ನೀನು ಹತ್ತಿರದಿಂದ ನೋಡಿದ್ದು ಸ್ಯಾಂಡ್‌ವಿಚ್ಚು. ಅದರಲ್ಲೂ ಎರಡು ನಿನ್ನ ಹೊಟ್ಟೆಗೇ ಹೋಯ್ತು, ನಾನು ನೋಡ್ದೆ" ಅಂದರು ಆರ್ಲೀನ್. ಅವನ ತಾಯಿ ದೂರು ಕೊಟ್ಟಳು.

ಇಂಥವರ ನಡುವೆ ಈ ವರ್ಷ ಯಾಫಾ ಬಂದಳು. ಅವಳಪ್ಪ ನಿಸಾನ್ ಹಿಂದಿನ ಸೋವಿಯತ್ ನಾಡಿನ ಸಮರ್‌ಖಂಡಿನಿಂದ ಬಂದವನು, ಇಲ್ಲಿ ಕ್ಷೌರದಂಗಡಿ ಇಟ್ಟುಕೊಂಡಿದ್ದಾನೆ. ಯಾಫಾ ಸಾಧು ಹುಡುಗಿಯೇನಲ್ಲ. ಮೂಗಿನ ತುದಿಯಲ್ಲೇ ಕೋಪ. ವೃದ್ಧರ ವಸತಿಗೃಹದಲ್ಲಿ ರಷ್ಯನ್ ಬಿಟ್ಟು ಬೇರೆ ಮಾತು ಬಾರದ ಅಜ್ಜಿಯರಿದ್ದಾರೆ. ಬೇರೆ ಮಕ್ಕಳು ಅವರ ಪಕ್ಕ ನಿಂತು ಫೋಟೊ ತೆಗೆಸಿಕೊಂಡು, ಮುಗುಳ್ನಕ್ಕು, ಗಡಿಯಾರ ನೋಡುತ್ತಾರೆ. ಯಾಫಾ ಕೂತು, ಮನೆಯಲ್ಲಿ ಕಲಿತ ರಷ್ಯನ್ನಿನಲ್ಲೇ ಮಾತಾಡುತ್ತಾ, ಅವರ ಜೊತೆ ಚುಕ್ಕಿ ಬಿಲ್ಲೆಗಳ ಡೊಮಿನೊ ಆಡುತ್ತಾಳೆ, ಒಂದು ಆಟವನ್ನೂ ಬಿಟ್ಟುಕೊಡುವುದಿಲ್ಲ, ಮೋಸ ಮಾಡಿದರೆ ಅಜ್ಜಿಯರ ಕೈ ಹಿಡಿದು ಜಗಳವಾಡುತ್ತಾಳೆ. ಭಾನುವಾರ ಬೆಳಗ್ಗೆಯೇ ಅಜ್ಜಿಯರು ತುಟಿಗೆ ಬಣ್ಣ ಹಚ್ಚಿಕೊಂಡು ಕಾಯುತ್ತಾರೆ. "ನನ್ನ ಇಷ್ಟು ವರ್ಷದ ದುಡಿಮೆಗೆ ಇವಳೊಬ್ಬಳು ಸಾಕು" ಎಂದು ಆರ್ಲೀನ್ ನನ್ನ ಹತ್ತಿರ ಹೇಳಿದ್ದರು. ಅವಳ ಎದುರಿಗೆ ಮಾತ್ರ, "ಮುಖ ಯಾಕೆ ಹಾಗೆ ಊದಿಸ್ಕೊಂಡಿದೀಯ, ಡೊಮಿನೊ ನುಂಗಿದೀಯಾ?" ಅನ್ನುತ್ತಿದ್ದರು.

ಆ ಭಾನುವಾರ ಯಾಫಾ ಡೊಮಿನೊ ಜೋಡಿಸುತ್ತಾ ಸುಮ್ಮನೆ ಕೇಳಿದಳು: "ಆರ್ಲೀನ್, ನಮ್ಮ ವಿಮಾನ ಹಬ್ಬದ ಎರಡನೇ ದಿನಾನೇ ಅಲ್ವಾ? ಕತ್ತಲಾದ ಮೇಲೆ ತಾನೇ ಹೊರಡೋದು?"

ವಿಮಾನ ಬೆಳಗ್ಗೆ ಹನ್ನೊಂದಕ್ಕೆ ಇತ್ತು.

ಶಾವುವೋತ್ ಹಬ್ಬ ಇಸ್ರೇಲಿನಲ್ಲಿ ಒಂದೇ ದಿನ. ಹೊರದೇಶಗಳಲ್ಲಿ ಹಳೆಯ ಪದ್ಧತಿ ಬಿಡದವರು ಎರಡು ದಿನ ಮಾಡುತ್ತಾರೆ, ಎರಡನೆಯ ದಿನ ಕತ್ತಲಾಗುವ ತನಕ ವಾಹನ ಹತ್ತುವಂತಿಲ್ಲ. ಆದರೆ ಆರ್ಲೀನ್ ಪ್ರಾರ್ಥನೆಗೆ ಹೋಗುವ ಸಿನಗಾಗಿನಲ್ಲಿ, ನಮ್ಮಂಥವರ ಮನೆಗಳಲ್ಲಿ, ಮೊದಲ ದಿನ ಚೀಸ್‌ಕೇಕ್ ತಿಂದರೆ ಹಬ್ಬ ಮುಗಿಯಿತು. ಫೆಲೋಶಿಪ್ಪಿನ ಇಸ್ರೇಲ್ ಕಚೇರಿಯವರು ತಮ್ಮ ಕ್ಯಾಲೆಂಡರ್ ನೋಡಿ ಹಬ್ಬದ ಮಾರನೆಯ ದಿನಕ್ಕೆ ಟಿಕೆಟ್ ಹಿಡಿದರು. ಆರ್ಲೀನ್ ತಮ್ಮ ಅಡುಗೆಮನೆಯ ಕ್ಯಾಲೆಂಡರ್ ನೋಡಿ ಹೂಂ ಅಂದರು. ಗುಂಪಿನಲ್ಲಿ ಎರಡು ದಿನ ಮಾಡುವ ಮನೆ ಯಾಫಾಳದೊಂದೇ. ಬೈಯೋಣವೆಂದರೆ ಬೇರೆ ಯಾರೂ ಸಿಗದಂಥ ತಪ್ಪು. ಅದಕ್ಕೇ ಅವರು ಗಾಜು ಏರಿಸಿಕೊಂಡು ತಮಗೆ ತಾವೇ ಕಿರುಚಿಕೊಂಡದ್ದು.

ಮಾರನೆಯ ದಿನವೇ ಇಸ್ರೇಲಿನ ಕಚೇರಿಯಲ್ಲಿರುವ ಗಾದಿ ಎಂಬುವನಿಗೆ ಸ್ಪೀಕರ್ ಹಾಕಿ ಫೋನ್ ಮಾಡಿದರು. ನಾನು ಅವರ ಅಂಗಡಿಯಲ್ಲೇ ಇದ್ದೆ, ಓರ್ಲಿ ಬೆಲೆಚೀಟಿ ನೇತಾಡುವ ಕನ್ನಡಕಗಳನ್ನೆಲ್ಲ ಹಾಕಿ ಹಾಕಿ ನೋಡುತ್ತಿದ್ದಳು.

"ಆದ್ರೆ ಹಬ್ಬ ಮುಗಿದಿರತ್ತಲ್ಲ?" ಅಂದ ಗಾದಿ.

"ನಿಮ್ಮಲ್ಲಿ ಮುಗಿದಿರತ್ತೆ ಕಣಪ್ಪಾ. ಇಲ್ಲಿ ಕೆಲವರ ಮನೇಲಿ ಇನ್ನೊಂದು ದಿನ ಇರತ್ತೆ."

"ಎಲ್ರೂ ಇಲ್ಲಿಗೇ ಬಂದು ಇದ್ಬಿಡಿ ಆರ್ಲೀನ್, ಅರ್ಧ ಹಬ್ಬ ಉಳಿತಾಯ ಆಗತ್ತೆ!"

ಆರ್ಲೀನ್ ನಗಲಿಲ್ಲ. ಅಷ್ಟು ಸೀಟು ಒಟ್ಟಿಗೆ ಬೇರೆ ಯಾವ ದಿನವೂ ಸಿಗುವುದಿಲ್ಲವೆಂದು ಅವನು ನೋಡಿ ಹೇಳಿದ. ಎರಡು ದಿನ ಬಿಟ್ಟು ಒಂದೋ ಎರಡೋ ಸೀಟು ಬೇಕಾದರೆ ಇವೆ ಅಂದ.

ಫೆಲೋಶಿಪ್ ನಡೆಸುವ ಸಮಿತಿಯ ಸಭೆಯಿಂದ ಆರ್ಲೀನ್ ಬಂದಾಗ ಮುಖ ಕೆಂಪಾಗಿತ್ತು. ಸಮಿತಿಯ ಅಧ್ಯಕ್ಷ ಸ್ಟುವರ್ಟ್, ಹಲ್ಲಿಗೆ ತಂತಿ ಕಟ್ಟುವ ಡಾಕ್ಟರು, ಮೆತ್ತಗೆ ಮಾತಾಡುವ ಮನುಷ್ಯ. ಆ ಮೆತ್ತಗಿನ ದನಿಯನ್ನು ಆರ್ಲೀನ್ ಅನುಕರಿಸಿ ತೋರಿಸಿದರು: "'ಪಾಪ, ನನಗೂ ಬೇಜಾರೇ. ಆದ್ರೆ ಒಬ್ಬಳಿಗೋಸ್ಕರ ಎಲ್ಲರನ್ನೂ ನಿಲ್ಸೋಕಾಗತ್ತಾ? ಅವಳು ಮುಂದಿನ ವರ್ಷ ಬರಲಿ.' ಮುಂದಿನ ವರ್ಷ ಅವಳಿಗೆ ವಯಸ್ಸು ಮೀರಿರತ್ತೆ ಸ್ಟುವರ್ಟ್ ಅಂದೆ. 'ಓಹ್' ಅಂದ. ಅಷ್ಟೇ. 'ಓಹ್' ಅಂದು ಮುಂದಿನ ವಿಷಯಕ್ಕೆ ಹೋದ. ಟೀ ಶರ್ಟಿನ ಬಣ್ಣ! ಅದಕ್ಕೆ ಅರ್ಧ ಗಂಟೆ ಚರ್ಚೆ!"

"ಯಾವ ಬಣ್ಣ ಆಂಟಿ?" ಅಂದಳು ಓರ್ಲಿ.

"ನೀಲಿ. ಪ್ರತಿ ವರ್ಷವೂ ನೀಲಿ."

ಯಾಫಾ ಒಬ್ಬಳೇ ಎರಡು ದಿನ ತಡವಾಗಿ ಬರಲಿ ಅನ್ನುವುದೊಂದೇ ದಾರಿ ಉಳಿದದ್ದು. ಅವಳಪ್ಪನನ್ನು ಒಪ್ಪಿಸಬೇಕು. "ನೀನೂ ಬಾ, ನಾನೊಬ್ಬಳೇ ಹೋದ್ರೆ ಜಗಳ ಆಡ್ತೀನಿ" ಎಂದು ನನ್ನನ್ನು ಕರೆದರು. ಓರ್ಲಿಯ ಮುಂಗೂದಲು ಕಣ್ಣಿಗೆ ಬೀಳುತ್ತಿತ್ತು, ಹೇಗೂ ಕತ್ತರಿಸಬೇಕಿತ್ತು. ಹೋದೆವು.

ನಿಸಾನ್ ಮೊದಲು ಹಸಿರು ಚಹಾ ಕೊಟ್ಟ, ಆಮೇಲೆ ಓರ್ಲಿಯನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿದ, ಆಮೇಲೆ ಆಗುವುದಿಲ್ಲ ಅಂದ. ಅವನು ಆರ್ಲೀನ್‌ರನ್ನು ಅಕ್ಕ ಎಂದೇ ಕರೆಯುತ್ತಾನೆ.

"ಹದಿನಾರು ವರ್ಷದ ಹುಡುಗೀನ ಒಬ್ಬಳನ್ನೇ ಸಮುದ್ರ ದಾಟಿಸ್ತೀನಾ? ಇಲ್ಲಕ್ಕಾ."

"ಮಧ್ಯದಲ್ಲಿ ಒಂದೇ ಸಲ ವಿಮಾನ ಬದಲಾಯಿಸೋದು. ಆ ಕಡೆ ಗಾದಿ ನಿಂತಿರ್ತಾನೆ."

"ಯಾರೀ ಗಾದಿ? ಹಬ್ಬದ ದಿನ ಟಿಕೆಟ್ ಮಾಡಿದವನೇ ತಾನೇ?" ಕತ್ತರಿ ಓರ್ಲಿಯ ಹುಬ್ಬಿನ ಮೇಲೆ ಕಚಕಚನೆ ಓಡುತ್ತಿತ್ತು. "ಸಮರ್‌ಖಂಡಿನಲ್ಲಿ ರಜಾ ಕೊಡದ ಕಾಲದಲ್ಲೂ ನಮ್ಮಪ್ಪ ಕದ್ದು ಮುಚ್ಚಿ ಎರಡು ದಿನ ಹಬ್ಬ ಮಾಡಿದ. ಇಲ್ಲಿ ಬೇಡ ಅನ್ನೋರು ಯಾರೂ ಇಲ್ಲ, ನೀವಾಗೇ ಒಂದು ದಿನಕ್ಕೆ ಇಳಿಸ್ಕೊಂಡಿದೀರ. ತಪ್ಪು ತಿಳ್ಕೋಬೇಡಿ."

"ತಿಳ್ಕೊಂಡೆ" ಅಂದರು ಆರ್ಲೀನ್. "ಟಿಕೆಟ್ಟಿಗೆ ಹೂಂ ಅಂದವಳೂ ನಾನೇ, ಗಾದಿ ಒಬ್ಬನೇ ಅಲ್ಲ. ಬೈಯೋದಿದ್ರೆ ನನ್ನನ್ನೇ ಬೈಯಿ."

ಒಳಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದ ಯಾಫಾ ಆಗ ಬಾಯಿ ಬಿಟ್ಟಳು. "ನನಗೆ ಬೇಡ ಬಿಡಿ. ಮಧ್ಯದಲ್ಲಿ ಹೋದ್ರೆ ಎಲ್ರೂ ಅಯ್ಯೋ ಪಾಪ ಅಂತ ನೋಡ್ತಾರೆ. ನಾನು ಇಲ್ಲೇ ಇರ್ತೀನಿ, ಅಜ್ಜಿಯರ ಜೊತೆ ಆಡ್ಕೊಂಡು." ಪೊರಕೆಯನ್ನು ಗೋಡೆಗೆ ಒರಗಿಸಿ ಒಳಗೆ ಹೋದಳು. ಅದು ಜಾರಿ ಬಿತ್ತು, ಯಾರೂ ಎತ್ತಲಿಲ್ಲ.

ನಿಸಾನ್ ಕತ್ತರಿ ನಿಲ್ಲಿಸಿದ. ಮಗಳು ಹೋದ ಬಾಗಿಲನ್ನೇ ನೋಡುತ್ತಿದ್ದ.

"ಒಬ್ಬಳೇ ಬರೋದು ಬೇಡ" ಅಂದರು ಆರ್ಲೀನ್. "ನಾನೂ ಉಳ್ಕೋತೀನಿ. ಹಬ್ಬ ಮುಗಿದ ಮೇಲೆ ನಾನೇ ಕರ್ಕೊಂಡು ಹೋಗ್ತೀನಿ."

"ಉಳಿದ ಮಕ್ಕಳು?"

"ಅದು ನನ್ನ ತಲೆನೋವು. ನೀನು ಹೂಂ ಅನ್ನು."

ಅವನು ಕತ್ತರಿ ಕೆಳಗಿಟ್ಟ. ಓರ್ಲಿಯ ಮುಖದ ಮೇಲಿನ ಕೂದಲನ್ನು ಬ್ರಷ್ಷಿನಿಂದ ಒರೆಸಿದ. "ನೀವು ಜೊತೆಗಿದ್ರೆ ಕಳಿಸ್ತೀನಕ್ಕಾ. ಬೇರೆ ಯಾರಿದ್ರೂ ಇಲ್ಲ" ಅಂದ. ನನ್ನಿಂದ ಕಾಸು ತೆಗೆದುಕೊಳ್ಳಲು ಒಪ್ಪಲಿಲ್ಲ. ಮುಂಗೂದಲು ಒಂದು ಕಡೆ ಗಿಡ್ಡವಾಗಿತ್ತು.

ತಲೆನೋವು ಎರಡೇ ದಿನದಲ್ಲಿ ಬಂತು. ಗುಂಪಿನ ಇನ್ನೊಬ್ಬ ನಾಯಕ ಈಗಷ್ಟೇ ಕಾಲೇಜು ಮುಗಿಸಿದ ಹುಡುಗ. ಹುಡುಗಿಯರೂ ಇರುವ ಗುಂಪಿನ ಜೊತೆ ದೊಡ್ಡ ಹೆಂಗಸೊಬ್ಬಳು ಇರಲೇಬೇಕು, ಅದೂ ಈ ಕೆಲಸಕ್ಕೆ ಹಿಂದೆಯೇ ಪರಿಶೀಲನೆಯಾಗಿ ಒಪ್ಪಿಗೆ ಸಿಕ್ಕವಳು. ಸ್ಟುವರ್ಟ್ ಮೆತ್ತಗೆ ಹೇಳಿದರಂತೆ: ಶುಕ್ರವಾರದೊಳಗೆ ಅಂಥವರು ಸಿಕ್ಕಿದರೆ ಸರಿ, ಇಲ್ಲದಿದ್ದರೆ ಆರ್ಲೀನ್ ಗುಂಪಿನ ಜೊತೆಯೇ ಹೊರಡಬೇಕು, ಯಾಫಾಳ ಸೀಟನ್ನು ಬಿಟ್ಟುಕೊಡಬೇಕು.

ಆರ್ಲೀನ್ ಹಳೆಯ ಹುಡುಗಿಯರಿಗೆಲ್ಲ ಫೋನ್ ಮಾಡಿದರು. ಒಬ್ಬಳಿಗೆ ಹೊಸ ಕೆಲಸ, ಒಬ್ಬಳು ಬಸುರಿ. ಇನ್ನೊಬ್ಬಳು "ಆರ್ಲೀನ್, ನನ್ನ ಜೀವನವನ್ನೇ ಬದಲಾಯಿಸಿದಿರಿ, ನಿಮ್ಮನ್ನು ದಿನಾ ನೆನೆಯುತ್ತೇನೆ" ಅಂದು, ಆ ವಾರ ಮಾತ್ರ ಸರೋವರದ ದಡದ ರಜಾ ಮನೆಗೆ ಹೋಗುವುದಿದೆ ಅಂದಳು.

"ಸರೋವರ ಎಲ್ಲಿಗೂ ಓಡಿ ಹೋಗಲ್ಲ ಕಣೇ ಅಂದೆ" ಎಂದರು ನನ್ನ ಅಡುಗೆಮನೆಯಲ್ಲಿ ಕೂತು. ಗುರುವಾರ ಮಧ್ಯಾಹ್ನ. ನಾನು ಶುಕ್ರವಾರದ ಸಾರಿಗೆ ಕೋಳಿ ತೊಳೆಯುತ್ತಿದ್ದೆ. "ಇಷ್ಟು ವರ್ಷ ಇವರಿಗೆ ನಾನು ಕಲಿಸಿದ್ದು ಇದೇನಾ? ಸೇವೆ ಅಂದ್ರೆ ಭಾನುವಾರ, ಅದೂ ಮಳೆ ಬರದಿದ್ರೆ! ಎಲ್ಲರಿಗೂ ಒಂದೊಂದು ಸರ್ಟಿಫಿಕೇಟು ಕೊಟ್ಟು ಕಳಿಸ್ದೆ."

ಚಹಾ ಮುಂದಿಟ್ಟೆ, ಮುಟ್ಟಲಿಲ್ಲ. ಅವರು ನನಗೆ ಫೋನ್ ಮಾಡಿರಲಿಲ್ಲ. ಯಾಕೆಂದು ನನಗೆ ಗೊತ್ತಿತ್ತು: ಓರ್ಲಿ ನನ್ನನ್ನು ಬಿಟ್ಟು ಒಂದು ದಿನವೂ ಮಲಗಿದವಳಲ್ಲ. ಅದು ಅವರಿಗೂ ಗೊತ್ತಿತ್ತು. ಬೇರೆಯವರಿಂದ ಕೆಲಸ ತೆಗೆಸುವಾಗ ಅಷ್ಟು ಜೋರಾಗಿರುವ ಹೆಂಗಸು, ತನಗಾಗಿ ಕೇಳುವಾಗ ಮೇಜಿನ ಮೇಲಿನ ಬ್ರೆಡ್ಡಿನ ಪುಡಿಯನ್ನು ಬೆರಳಿನಿಂದ ಗುಡ್ಡೆ ಮಾಡುತ್ತಾ ಕೂತಿದ್ದರು.

"ಯಾಫಾ ಸೂಟ್‌ಕೇಸ್ ತಗೊಂಡಿದಾಳಂತೆ" ಅಂದರು. "ಬೇಡ ಅಂದ್ಲಲ್ಲ, ಅದೇ ಸಂಜೆ ಹೋಗಿ ತಂದಿದಾಳೆ. ಅವಳಪ್ಪ ಹೇಳ್ದ."

ನಾನು ನಲ್ಲಿ ನಿಲ್ಲಿಸಿ ಕೈ ಒರೆಸಿಕೊಂಡೆ. ಹೊರಗೆ ಅಂಗಳದಲ್ಲಿ ಓರ್ಲಿ ಯಾರಿಗೋ ಕೂಗಿ ಏನೋ ಹೇಳುತ್ತಿದ್ದಳು. ಆರ್ಲೀನ್ ಕಿಟಕಿಯತ್ತ ನೋಡಿದರು, ಮತ್ತೆ ನನ್ನತ್ತ.

"ನಿನ್ನ ಒಪ್ಪಿಗೆ ಪತ್ರಕ್ಕೆ ಇನ್ನೂ ಅವಧಿ ಇದೆ, ನಾನು ವಿಚಾರಿಸ್ದೆ. ಎರಡೇ ದಿನ. ಮೂರನೇ ದಿನ ನಾನು ಯಾಫಾನ ಕರ್ಕೊಂಡು ಬಂದಿರ್ತೀನಿ, ನೀನು ಅವತ್ತೇ ವಾಪಸು ಹತ್ಕೋಬಹುದು. ಚಿಕ್ಕವಳು ಅಳ್ತಾಳೆ, ಗೊತ್ತು. ನಿನ್ನ ಗಂಡ ನನಗೆ ಬೈತಾನೆ, ಅದೂ ಗೊತ್ತು. ನನ್ನ ಬದಲು ನೀನು ಆ ಮಕ್ಕಳ ಜೊತೆ ಹೋಗ್ತೀಯಾ? ಯೋಚನೆ ಮಾಡಿ ಹೇಳು. ಆದ್ರೆ ಇವತ್ತೇ ಹೇಳು."